ಖಾಡಿಯ ಗುಲಾಬಿ ಹಕ್ಕಿಗಳು

ಹಾರ್ಮೋನಿಯಂ ಕಲಿಯುವುದು, ಈಜು ಕಲಿಯುವುದು ಎಲ್ಲವನ್ನೂ ನಾನು ಎಂದೋ ನಿವೃತ್ತಿಯ ನಂತರಕ್ಕೆ ತಳ್ಳಿಬಿಟ್ಟಿದ್ದೆ. ಉಳಿದದ್ದು ಒಂದೇ ಆಸೆ. ಮುಂಬೈಯ ಭಾಂಡುಪ್‌ನಲ್ಲಿರುವ ನಮ್ಮ ಬಿಲ್ಡಿಂಗಿನಿಂದ ರಿಕ್ಷಾ ಹಿಡಿದರೆ ಖಾಡಿಯ ಹಿನ್ನೀರು ದೂರವೇನಲ್ಲ. ಚಳಿಗಾಲದಲ್ಲಿ ಸಮುದ್ರದ ನೀರು ನುಗ್ಗುವ ಆ ಕೆಸರಿಗೆ ಸಾವಿರಗಟ್ಟಲೆ ಫ್ಲೆಮಿಂಗೊಗಳು ಬರುತ್ತವೆ, ಮಳೆಗೆ ಮುಂಚೆ ಹಾರಿಹೋಗುತ್ತವೆ. ಇಷ್ಟು ವರ್ಷ ಇಲ್ಲೇ ಬಿದ್ದುಕೊಂಡಿದ್ದರೂ ಒಂದೇ ಒಂದು ಹಕ್ಕಿಯನ್ನು ನಾನು ನೋಡಿರಲಿಲ್ಲ.

ವಾರವಿಡೀ ಫೋರ್ಟಿನ ಆಫೀಸು, ಲೋಕಲ್‌ನ ನೂಕುನುಗ್ಗಲು. ಉಳಿಯುವುದು ಭಾನುವಾರ. ಅದನ್ನು ವಿಜಯಪುರದ ಕಡೆಯವರು ತಿಂದುಹಾಕುತ್ತಾರೆ. ನಮ್ಮವರಿಗೆ ಏನೇ ಆದರೂ ಪರೇಲ್‌ನ ಆಸ್ಪತ್ರೆಗೇ ಬರಬೇಕು; ಪರೇಲ್‌ಗೆ ಬಂದವರು ನಮ್ಮ ಮನೆಯಲ್ಲೇ ಇಳಿಯಬೇಕು. ಸೋಮವಾರಕ್ಕೆ ಡಾಕ್ಟರು, ಭಾನುವಾರಕ್ಕೆ ನಾನು. ಅವರು ಲಾಡ್ಜಿನಲ್ಲಿ ಇಳಿದರೆ ಮರ್ಯಾದೆ ಹೋಗುವುದು ನಮ್ಮದು.

ಈ ವರ್ಷ ಹಟ ಹಿಡಿದೆ. ದುರ್ಬೀನು ಕೊಂಡೆ. ಮೇ ತಿಂಗಳ ಕೊನೆಯ ಭಾನುವಾರವೆಂದು ಗೊತ್ತುಮಾಡಿ, ನೀರಿಳಿದು ಹಕ್ಕಿಗಳು ಮೇಯಲು ಬರುವ ಹೊತ್ತನ್ನು ವಿಚಾರಿಸಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಶನಿವಾರ ಸಂಜೆ ನನ್ನ ಗಂಡ ಮೊಬೈಲಿನಿಂದ ತಲೆ ಎತ್ತದೆ ಹೇಳಿದರು: "ನಾಳಿ ಮುಂಜಾನೆ ನಮ್ಮ ಸೋದರಮಾವ ಬರಾಕತ್ತಾರ. ಮೊಣಕಾಲ ತೋರಿಸ್ಬೇಕಂತ."

"ಅವರ ಮೊಣಕಾಲಿಗೆ ನನ್ನ ಭಾನುವಾರನ ಬೇಕಾಗಿತ್ತೇನ್ರೀ?"

"ಮಳಿ ಇನ್ನೂ ಬಂದಿಲ್ಲ. ನಿನ್ನ ಹಕ್ಕಿ ಎಲ್ಲಿ ಓಡಿ ಹೋಗ್ತಾವು?"

ಮಾವ ಬಂದರು. ಹೋಟೆಲಿನದು ಅವರಿಗೆ ಒಗ್ಗುವುದಿಲ್ಲ, ಬಿಸಿ ರೊಟ್ಟಿಯೇ ಆಗಬೇಕು. ಸಿಟ್ಟನ್ನೆಲ್ಲ ಜೋಳದ ಹಿಟ್ಟಿನ ಮೇಲೆ ತೀರಿಸುತ್ತ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗಿನ ಕೋಣೆಯಲ್ಲಿ ಮಾವ "ಕುಂತು ಕುಂತು ಬ್ಯಾಸರಾತು" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲ ಸದ್ದಾಯಿತು. ಚಹಾ ಕುಡಿಯಲು ಕೆಳಗೆ ಇಳಿದಿರಬೇಕು ಎಂದುಕೊಂಡೆ.

ಇಬ್ಬರೂ ಬಂದದ್ದು ಮಧ್ಯಾಹ್ನ, ಬೆವರು ಸುರಿಸುತ್ತ. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದ ಮನುಷ್ಯನ ಕೊರಳಲ್ಲಿ ನನ್ನ ದುರ್ಬೀನು!

"ಏನ್ ಹಕ್ಕಿ ಅವು ಯವ್ವಾ! ಖಾಡಿ ತುಂಬ ಗುಲಾಲ ಚೆಲ್ಲಿದಂಗ!"

ನಾನು ಗಂಡನ ಕಡೆ ತಿರುಗಿದೆ.

"ನೀನ ಹೊತ್ತು ಬರದಿಟ್ಟಿದ್ದೆಲ್ಲ, ಸುಮ್ಮನ ವೇಸ್ಟ್ ಆಗಬಾರ್ದಂತ..." ಎಂದು ಅವರು ನೀರಿನ ತಂಬಿಗೆ ಎತ್ತಿದರು.

"ನನ್ನ ಕರೀಬೇಕು ಅನಿಸ್ಲಿಲ್ಲಾ?"

"ನೀ ರೊಟ್ಟಿ ಮಾಡಾಕತ್ತಿದ್ದಿ."

ಮೈಯೆಲ್ಲ ಉರಿದುಹೋಯಿತು. ಮಾವನ ಎದುರು ಬಾಯಿ ಬಿಡುವಂತಿಲ್ಲ. ತಟ್ಟೆ ಹಾಕಿ ಬಡಿಸಿದೆ. ಮಾವ ರೊಟ್ಟಿ ಮುರಿಯುತ್ತ ಕೇಳಿದರು: "ನಿನಗೇನವಾ, ದಿನಾ ನೋಡ್ತಿರಬೇಕು?"

"ಒಮ್ಮಿನೂ ನೋಡಿಲ್ರಿ."

ಅವರ ಕೈ ತಡೆಯಿತು. ನಿಜಕ್ಕೂ ಮರುಗಿದರು. "ಅಯ್ಯ ಶಿವನ! ಇಲ್ಲೇ ಇದ್ದೂ ನೋಡಿಲ್ಲಾ? ಇರ್ಲಿ ಬಿಡು. ಬರೋ ವರ್ಷ ಮತ್ತ ಮೊಣಕಾಲ ತೋರಿಸಾಕ ಬರ್ತೀನಲ್ಲ, ಆವಾಗ ನಾನ ನಿನ್ನ ಕರಕೊಂಡು ಹೋಗಿ ತೋರಿಸ್ತೀನಿ."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಸೀಯಲಿ ಎಂದು ನಾನು ಅಲ್ಲೇ ನಿಂತೆ.