ಉತ್ತರ ಮುಂದಿನ ಸರದಿಗೆ

ಸೂರ್ಯ ಇನ್ನೂ ಹೊದಿಕೆ ಒದ್ದಿರುವುದಿಲ್ಲ, ಒಗಟಿನಕ್ಕನ ಮಾಪು ಡಯಾಲಿಸಿಸ್ ವಾರ್ಡಿನ ನೆಲಕ್ಕೆ ಇಳಿದಾಗಿರುತ್ತದೆ. ಆ ಮಾಪಿನ ಸದ್ದು ಕೇಳಿದರೆ ಸಾಕು, ಇಡೀ ಆಸ್ಪತ್ರೆಯ ಕ್ರಿಮಿಗಳು ಹೆಂಡತಿ ಮಕ್ಕಳ ಸಮೇತ ಗಂಟುಮೂಟೆ ಕಟ್ಟುತ್ತವೆ. ಅಂಥ ಒರೆಸುವ ಕೈ ಭೂಮಿಯ ಮೇಲೆ ಇನ್ನೊಂದಿಲ್ಲ. ಇದೆ ಅನ್ನುವವರು ಬಂದು ಈ ನೆಲದಲ್ಲಿ ತಮ್ಮ ಮುಖ ನೋಡಿಕೊಂಡು ಹೋಗಬಹುದು. ನೆಲ ಒಣಗುವ ಹೊತ್ತಿಗೆ ಅಕ್ಕ ಸ್ಟೂಲು ಹತ್ತಿ, ‘ನೀರು ಕಡಿಮೆ ಕುಡಿಯಿರಿ’ ಎಂಬ ಸೂಚನೆಯ ಕೆಳಗೆ ಬಿಳಿ ಬೋರ್ಡಿನ ಮೇಲೆ ಆ ಸರದಿಯ ಒಗಟು ಬರೆಯುತ್ತಾರೆ.

ಸರದಿ ವಾರಕ್ಕೆರಡು, ಸೋಮವಾರ ಮತ್ತು ಗುರುವಾರ. ಇವತ್ತು ಗುರುವಾರ. ಅಕ್ಕನಿಗೆ ಬರೆಯಲು ಕೈ ಏಳುತ್ತಿಲ್ಲ. ಸೋಮವಾರದ್ದೇ ಹಾಗೇ ಉಳಿದಿದೆ. ಕಿಟಕಿ ಪಕ್ಕದ ಹಾಸಿಗೆ ಖಾಲಿ.

ಆ ಹಾಸಿಗೆ ಕಂಡಕ್ಟರಣ್ಣನದು. ಮೂತ್ರಪಿಂಡ ಕೈಕೊಡುವ ಮೊದಲು ಅರ್ಧ ಪ್ರಪಂಚಕ್ಕೆ ಟಿಕೆಟ್ ಹರಿದ ಮನುಷ್ಯ. ಅವರ ವಿಸಿಲ್ ಸದ್ದಿಗೆ ಬಸ್ಸಲ್ಲ, ಎದುರಿಗೆ ಬರುವ ಲಾರಿಯೂ ನಿಲ್ಲುತ್ತಿತ್ತಂತೆ. ಸೋಮವಾರ ಸೂಜಿ ತೆಗೆಸಿಕೊಂಡು ಏಳುವಾಗ ಅವರು ತಣ್ಣಗೆ ಅಂದಿದ್ದರು: “ಅಕ್ಕಾ, ಸಾಕಾಯ್ತು. ನನ್ನ ಸ್ಟಾಪು ಬಂತು, ಇಳಿದ್ಬಿಡ್ತೀನಿ.”

“ಒಗಟಿನ ಉತ್ತರ ಬೇಡ್ವಾ?” ಅಕ್ಕ ಕೇಳಿದ್ದರು.

“ಈಗಲೇ ಹೇಳಿ, ಕೇಳ್ಕೊಂಡೇ ಹೋಗ್ತೀನಿ.”

“ಈಗ ಹೇಳೋ ಪದ್ಧತಿ ಇಲ್ಲ ಕಣಣ್ಣ.”

ಆ ಪದ್ಧತಿ ಹುಟ್ಟಿದ್ದು ಇದೇ ವಾರ್ಡಿನಲ್ಲಿ. ಆಗ ಅಕ್ಕ ಇಲ್ಲಿ ಕೆಲಸದವರಲ್ಲ, ಗೋಡೆ ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ. ಯಜಮಾನರಿಗೆ ಮಷೀನು ಎಂದರೆ ಮೈಯೆಲ್ಲ ಉರಿ. ಪ್ರತಿ ಸಲ ‘ಇದೇ ಕೊನೆ’ ಅನ್ನುವರು. ಅಕ್ಕ ಒಂದು ಲೆಕ್ಕ ಹೊಸೆದು ಕಿವಿಗೆ ಹಾಕಿ, ಉತ್ತರ ಮುಂದಿನ ಸರದಿಗೆ ಎಂದು ಸೆರಗಿಗೆ ಗಂಟು ಹಾಕಿಕೊಳ್ಳುವರು. ಬೈಯುತ್ತಲೇ ಮತ್ತೆ ಬರುವರು ಯಜಮಾನರು. ಹೀಗೆ ಯಮನ ಕೋಣವನ್ನು ಬಾಲ ಹಿಡಿದು ವರ್ಷಗಟ್ಟಲೆ ಜಗ್ಗಿದ ಹೆಂಗಸು ಅವರು. ಕೊನೆಗೊಂದು ಸರದಿಗೆ ಯಜಮಾನರು ಬರಲಿಲ್ಲ. ಚೀಲ, ಚಪ್ಪಲಿ ತೆಗೆದುಕೊಂಡು ಹೋಗಲು ಬಂದ ಅಕ್ಕ ಆ ಖಾಲಿ ದಿಂಬಿನ ಹತ್ತಿರ ಬಾಗಿ, ಉಳಿದಿದ್ದ ಉತ್ತರ ಹೇಳಿದರು. ನರ್ಸು ನೋಡುತ್ತಿದ್ದರು. ಕಸಬರಿಕೆ ಕೆಲಸ ಖಾಲಿ ಇದೆ, ಮಾಡ್ತೀರಾ ಎಂದು ಕೇಳಿದ್ದೂ ಅವರೇ.

ಅಂದಿನಿಂದ ಯಾರ ಹಾಸಿಗೆ ಖಾಲಿಯಾದರೂ ಅಕ್ಕ ಚಾದರ ಎಳೆಯುವ ಮೊದಲು ದಿಂಬಿಗೆ ಉತ್ತರ ಹೇಳುತ್ತಾರೆ. “ಪಾಪ, ತಲೆ ಕೆಡಿಸ್ಕೊಂಡು ಹೋಗಿರ್ತಾರೆ,” ಎನ್ನುತ್ತಾರೆ. ಎಷ್ಟು ದಿಂಬುಗಳಿಗೆ ಹೇಳಿದ್ದೀರಿ ಎಂದರೆ ಬಕೆಟ್ ಎತ್ತಿಕೊಂಡು ಆಚೆ ನಡೆಯುತ್ತಾರೆ.

ಬದುಕಿರುವವರಿಗೋ, ಒಗಟಿನ ಹುಚ್ಚು ರೋಗಕ್ಕಿಂತ ದೊಡ್ಡದು. ಬೋರ್ಡಿನ ಫೋಟೋ ಫೋನಿನಿಂದ ಫೋನಿಗೆ ಹಾರಿ, ಕಂಡು ಕೇಳರಿಯದ ಒಗಟುಗಾರರ ಮನೆಗಳಲ್ಲಿ ಹಾಲು ಉಕ್ಕಿಸುತ್ತದೆ, ಅನ್ನ ಸೀಯಿಸುತ್ತದೆ.

ಸೋಮವಾರದ ಒಗಟು ಹುಟ್ಟಿದ್ದು ಮಾಪಿನ ಬುಡದಲ್ಲೇ. ನರ್ಸಿನ ಮೇಜಿನ ಮುಂದೆ ಐದು ಸಾಲು, ಸಾಲಿಗೆ ಐದು ಚೌಕ ಕಲ್ಲು. ಒಂದು ಕಪ್ಪು, ಅದರ ಪಕ್ಕದ್ದು ಬಿಳಿ. ನಾಲ್ಕೂ ಮೂಲೆ ಕಪ್ಪು. ಬಾಗಿಲ ಮುಂದಿನ ಕಲ್ಲಿನಿಂದ ಹೊರಟು, ಓರೆಯಾಗಿ ಹೆಜ್ಜೆ ಇಡದೆ, ಪಕ್ಕದ ಕಲ್ಲಿಂದ ಪಕ್ಕದ ಕಲ್ಲಿಗೆ ಸರಿಯುತ್ತ, ಪ್ರತಿ ಕಲ್ಲನ್ನೂ ಒಂದೇ ಸಲ ತುಳಿದು ಎಲ್ಲವನ್ನೂ ಮುಗಿಸುವುದು ಹೇಗೆ?

ಇವತ್ತು ಬೆಳಿಗ್ಗೆ ಒದ್ದೆ ಕಾಲಲ್ಲಿ ಅದನ್ನೇ ನಡೆದು ನೋಡಿದ ಅಕ್ಕನಿಗೆ ತನ್ನ ತಪ್ಪು ಸಿಕ್ಕಿದೆ. ತಾನು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದು ಮೂಲೆಯ ಕಲ್ಲಿನಿಂದ, ಬರೆದಿದ್ದು ಬಾಗಿಲಿನಿಂದ. ದಿನಾ ಬಾಗಿಲಿಂದಲೇ ಒರೆಸಲು ಶುರು ಮಾಡುವ ಕೈ, ಅದೇ ಅಭ್ಯಾಸದಲ್ಲಿ ಬರೆದುಬಿಟ್ಟಿದೆ. ಬಾಗಿಲಿನದು ಮೂಲೆಗೆ ಅಂಟಿದ ಕಲ್ಲು, ಬಿಳಿ. ಹೇಗೆ ಸುತ್ತಿದರೂ ಒಂದು ಕಲ್ಲು ಒಣಗಿಯೇ ಉಳಿಯುತ್ತದೆ. ಉತ್ತರವೇ ಇಲ್ಲದ ಒಗಟು!

“ಕಂಡಕ್ಟರಣ್ಣನಿಗೆ ಫೋನ್ ಮಾಡಿ ತಪ್ಪಾಯ್ತು ಅಂತ ಹೇಳ್ಬಿಡಿ,” ನರ್ಸು ಅನ್ನುತ್ತಾರೆ.

“ಹೇಳಿದ್ರೆ ಬರೋಕೆ ಇರೋ ಒಂದು ನೆಪವೂ ಹೋಯ್ತಲ್ಲ ಸಿಸ್ಟರ್.”

“ಇವತ್ತು ತಪ್ಪಿಸಿದ್ರೆ ಶ್ವಾಸಕೋಶಕ್ಕೇ ನೀರು ತುಂಬ್ಕೊಳ್ಳತ್ತೆ. ಸೋಮವಾರದ ತನಕ ತಡೆಯಲ್ಲ ಅವರು.”

ಅಕ್ಕ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾರೆ. ಉಳಿದವರೆಲ್ಲ ಬಂದು ಮಲಗಿ, ಕೊಳವೆಗಳಲ್ಲಿ ರಕ್ತ ಓಡಾಡತೊಡಗಿದೆ. ಕಿಟಕಿ ಪಕ್ಕದ ದಿಂಬಿನ ಕಡೆ ಅಕ್ಕ ತಲೆ ಎತ್ತಿಯೂ ನೋಡುವುದಿಲ್ಲ. ಅದಕ್ಕೆ ಹೇಳಲು ಈ ಸಲ ಉತ್ತರವೂ ಇಲ್ಲ.

ಅಷ್ಟರಲ್ಲಿ ಕಾರಿಡಾರಿನಲ್ಲಿ ಗುಡುಗು. “ಎಲ್ಲಿ ಆ ಮೋಸಗಾತಿ? ಕರೀರಿ ಹೊರಗೆ!”

ಹೆಂಡತಿಯ ಹೆಗಲ ಮೇಲೆ ಭಾರ ಹಾಕಿಕೊಂಡು ಕಂಡಕ್ಟರಣ್ಣ ಬರುತ್ತಾರೆ. ಮುಖ ಊದಿದೆ, ಕಾಲು ಚಪ್ಪಲಿಯೊಳಗೆ ಹಿಡಿಸುತ್ತಿಲ್ಲ, ಎರಡು ಮಾತಿಗೊಮ್ಮೆ ಏದುಸಿರು.

“ಎರಡು ದಿನದಿಂದ ಗೋಡೆ ತುಂಬಾ ಚೌಕ ಬರೆದಿದಾರೆ ಅಕ್ಕ,” ಹೆಂಡತಿ ಕಣ್ಣೊರೆಸಿಕೊಳ್ಳುತ್ತಾರೆ. “ಬರಲ್ಲ ಅಂತ ಹಠ ಹಿಡಿದಿದ್ದವರು, ಬೆಳಿಗ್ಗೆ ಎದ್ದು ‘ನಡಿ, ಆಯಮ್ಮನ ಬಂಡವಾಳ ಬಯಲು ಮಾಡ್ಬೇಕು’ ಅಂದ್ರು.”

“ಕಪ್ಪು ಹದಿಮೂರು, ಬಿಳಿ ಹನ್ನೆರಡು,” ಕಂಡಕ್ಟರಣ್ಣ ನೆಲಕ್ಕೆ ಬೆರಳು ಚಾಚುತ್ತಾರೆ. “ಬಿಳಿ ಆದ್ಮೇಲೆ ಕಪ್ಪು, ಕಪ್ಪಾದ್ಮೇಲೆ ಬಿಳಿ. ಬಿಳಿಯಿಂದ ಹತ್ತಿದ್ರೆ ಪ್ರತಿ ಕಪ್ಪಿಗೂ ಮುಂಚೆ ಒಂದು ಬಿಳಿ ಬೇಕು. ಕೊನೇ ಕಪ್ಪು ಯಾರ ತೊಡೆ ಮೇಲೆ ಕೂತ್ಕೊಳ್ಳತ್ತೆ, ಹೇಳಿ?”

ವಾರ್ಡು ನಗುತ್ತದೆ. ಆ ನಗೆಗೆ ಗೋಡೆಯ ಸುಣ್ಣ ಉದುರಬೇಕಿತ್ತು. ಉದುರದಿದ್ದುದು ಗೋಡೆಯ ಪುಣ್ಯ. ಅಕ್ಕ ಮಾತ್ರ ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಳ್ಳುತ್ತಾರೆ. “ನಂದೇ ತಪ್ಪು ಕಣಣ್ಣ. ಮೊದಲು ಮಲ್ಕೊಳ್ಳಿ.”

ಸೂಜಿ ಚುಚ್ಚಿಸಿಕೊಂಡು, ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಕಂಡಕ್ಟರಣ್ಣ ಕಣ್ಣು ಮಿಟುಕಿಸುತ್ತಾರೆ. “ತಪ್ಪಿಗೆ ಶಿಕ್ಷೆ ಬೇಡ್ವಾ? ಈ ಸಲ ನನ್ನ ಒಗಟು. ಪ್ರತಿ ಸ್ಟಾಪಲ್ಲೂ ಬಸ್ಸಲ್ಲಿರೋರಲ್ಲಿ ಅರ್ಧ ಜನ, ಜೊತೆಗೆ ಇನ್ನರ್ಧ ಆಳು ಇಳೀತಾರೆ. ಯಾರನ್ನೂ ಕತ್ತರಿಸೋ ಹಾಗಿಲ್ಲ! ಮೂರು ಸ್ಟಾಪಿಗೆ ಬಸ್ಸು ಖಾಲಿ. ಮೊದಲು ಎಷ್ಟು ಜನ ಇದ್ರು?”

ಅಕ್ಕ ಮಾಪನ್ನು ಬಕೆಟ್ಟಿಗೆ ಅದ್ದುತ್ತಾರೆ. ಹಿಂಡಿ ಮೇಲೆತ್ತುವಷ್ಟರಲ್ಲಿ ಉತ್ತರ ಕೈಯಲ್ಲಿದೆ: ಏಳು. ಮೊದಲು ನಾಲ್ವರು ಇಳಿಯುತ್ತಾರೆ, ಆಮೇಲೆ ಇಬ್ಬರು, ಕಡೆಯ ಸ್ಟಾಪಿನಲ್ಲಿ ಒಬ್ಬನೇ ಒಬ್ಬ. ಅಕ್ಕ ಚಾದರದಿಂದ ಆಚೆ ಚಾಚಿರುವ ಆ ಊದಿದ ಪಾದಗಳನ್ನು ನೋಡುತ್ತಾರೆ.

“ಹೊಳೀತಿಲ್ಲ ಕಣಣ್ಣ,” ಅನ್ನುತ್ತಾರೆ. “ಸೋಮವಾರ ಬಂದು ನೀವೇ ಹೇಳ್ಬೇಕು.”

“ನೋಡೋಣ,” ಕಂಡಕ್ಟರಣ್ಣ ಕಣ್ಣು ಮುಚ್ಚುತ್ತಾರೆ. ಬರುತ್ತೇನೆ ಅನ್ನುವುದಿಲ್ಲ.

ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಬಂದ ಅಕ್ಕನನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಕೆಟ್ಟನ್ನು ಮೋರಿಗೆ ಬೋರಲು ಹಾಕುತ್ತಾರೆ.

“ಆಸೆ ಏನು ಬಂತು. ಏಳು ಅನ್ನೋದನ್ನ ಅವರ ಬಾಯಿಂದಲೇ ಕೇಳ್ಬೇಕು. ನಾನು ದಿಂಬಿಗೆ ಹೇಳೋ ಹಾಗಾಗ್ಬಾರ್ದು, ಅಷ್ಟೇ.”