ಜಪಾನಿನವರ ಮಿತಿ, ನನ್ನ ರಕ್ತ

ಅಮ್ಮನಿಗೆ ಹೊಟ್ಟೆಯ ಕ್ಯಾನ್ಸರ್ ಆದಾಗ ನಾವು ಬಹಳ ದಿನ ಅದನ್ನು ಗ್ಯಾಸ್ ಎಂದೇ ತಿಳಿದಿದ್ದೆವು. ಕಿರಿಮಂಜೇಶ್ವರದಲ್ಲಿ ಮನೆಮನೆಗೆ ಮೀನು ಹೊತ್ತು ಮಾರುತ್ತಿದ್ದ ಗಟ್ಟಿ ಹೆಂಗಸು, ಕೊನೆಗೆ ಗಂಜಿತಿಳಿಯನ್ನೂ ಕಾರಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಬೈಂದೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೆ.

2009ರ ಸುಮಾರಿಗೆ ನನಗೂ ಎರಡು ತುತ್ತು ಉಂಡರೆ ಹೊಟ್ಟೆ ಭಾರವಾಗತೊಡಗಿತು. ಬ್ರಹ್ಮಾವರದ ಒಂದು ಆಸ್ಪತ್ರೆಗೆ ಹೋದೆ. ಅಮ್ಮನ ಕತೆ ಕೇಳಿದ ಡಾಕ್ಟರು ರಕ್ತ ತೆಗೆಸಿದರು. ಅದೇ ದಿನ ತೆಕ್ಕಟ್ಟೆ ಕಡೆಯ ಹೆಂಗಸೊಬ್ಬರ ರಕ್ತವನ್ನೂ ತೆಗೆದಿದ್ದರು. ಜಮೀನಿದ್ದ ಮನೆತನ, ಅವರ ತಂದೆ ಹೋದದ್ದೂ ಇದೇ ಕಾಯಿಲೆಯಲ್ಲಿ. ವರದಿಯ ದಿನ ಅವರ ಜೊತೆ ಗಂಡ, ನಾದಿನಿ, ತಮ್ಮ ಎಲ್ಲ ಬಂದಿದ್ದರು.

ಆ ಹೆಂಗಸು ನನ್ನ ವರದಿಯ ಚೀಟಿಗೆ ಇಣುಕಿದರು. "ಹ್ವಾಯ್, ನಿಮ್ದೂ ನಮ್ದೂ ಹೆಚ್ಚುಕಮ್ಮಿ ಒಂದೇ ಕಾಣಿ!"

ಒಳಗೆ ಡಾಕ್ಟರು ನನಗೆ ಬಿಡಿಸಿ ಹೇಳಿದರು. "ಜಠರದ ಒಳಪೊರೆ ಸವೆದರೆ ರಕ್ತದಲ್ಲಿ ಈ ಅಂಶ ಇಳಿಯುತ್ತದೆ. ನಿಮ್ಮದು ಕಡಿಮೆ ಎಂದೇ ಬಂದಿದೆ. ಆದರೆ ಈ ಮಿತಿ ಹಾಕಿದ್ದು ಜಪಾನಿನವರನ್ನು ನೋಡಿ. ಒಂದೊಂದು ಜನಾಂಗದಲ್ಲಿ ಅದು ಒಂದೊಂದು ಥರ ಇರುತ್ತದೆ."

"ಹಾಂಗಾರೆ ನಮ್ಮವ್ರಿಗೆ ಎಷ್ಟ್ ಇರ್ಕ್ ಡಾಕ್ಟ್ರೆ?"

"ನಿಜ ಹೇಳಬೇಕೆಂದರೆ, ನನಗೂ ಖಚಿತವಾಗಿ ಗೊತ್ತಿಲ್ಲಮ್ಮ. ಬಾಯಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ನೋಡಿಬಿಡೋಣ."

ಒಬ್ಬರ ಅಳತೆಗೆ ಇನ್ನೊಬ್ಬರ ರವಿಕೆ ಕತ್ತರಿಸಿದವಳಲ್ಲ ನಾನು. ಟ್ಯೂಬಿಗೆ ಒಪ್ಪಿದೆ.

ನಮ್ಮಿಬ್ಬರಿಗೂ ಟ್ಯೂಬ್ ಹಾಕುವ ದಿನ ನರ್ಸ್ ನನ್ನನ್ನು ಕೇಳಿದಳು, "ಒಟ್ಟಿಗ್ ಯಾರ್ ಬಂದಿದ್ರ್?"

ನಾನು ಉತ್ತರಿಸುವ ಮೊದಲೇ ತೆಕ್ಕಟ್ಟೆಯವರು ಎಂದರು, "ಎಂತಕ್ಕೆ, ನಾ ಇಲ್ದಾ? ಅವ್ರ್ ಹೊರಗ್ ಬಪ್ಪಲ್ಲಿವರಿಗೆ ನಾ ಕೂಕಂತೆ."

ಹೇಳಿದ ಹಾಗೆ ಕೂತಿದ್ದರು. ಅವರ ಜಠರ ಚೆನ್ನಾಗಿತ್ತು. ನನ್ನದರ ಪೊರೆ ಸವೆದಿತ್ತು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅವರ ಮನೆಯವರೆಲ್ಲ ನಗುತ್ತಿದ್ದವರು ನನ್ನನ್ನು ಕಂಡು ಎದ್ದು ಬೆಂಚಿನಲ್ಲಿ ಜಾಗ ಬಿಟ್ಟರು. ತೆಕ್ಕಟ್ಟೆಯವರು ನನ್ನ ಕೈ ಹಿಡಿದು, "ಮುಂದಿನ್ ಸಲಿ ಬಪ್ಪತಿಗೆ ಹೇಳಿ, ನಾ ಬತ್ತೆ" ಎಂದು ಕಾರು ಹತ್ತಿದರು.

ಚೂರಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಹೊಟ್ಟೆಯಲ್ಲಿ ಕಂಡ ರೋಗಾಣುವಿಗೆ ಮಾತ್ರೆ ಕೊಟ್ಟು, ವರ್ಷಕ್ಕೊಮ್ಮೆ ಟ್ಯೂಬ್ ಹಾಕಿಸಿಕೊಳ್ಳಲು ಬರಲು ಹೇಳಿದರು. ತೆಕ್ಕಟ್ಟೆಯವರಿಗೆ ಹೇಳಿಕಳಿಸಲು ಮನಸ್ಸಾಗಲಿಲ್ಲ. ಪರಿಚಯವಾದರೂ ಎಷ್ಟು ಹೊತ್ತಿನದು? ನರ್ಸಿನ ಪ್ರಶ್ನೆಗೆ "ನಾ ಒಬ್ಳೇ" ಎನ್ನುವುದು ಅಭ್ಯಾಸವಾಯಿತು.

ಒಂದು ವರ್ಷ ಡಾಕ್ಟರು, "ಹೋದ ಸಲಕ್ಕಿಂತ ಏನೂ ಹೆಚ್ಚಾಗಿಲ್ಲ" ಎಂದರು. ಮನೆಗೆ ಬರುವ ಬಸ್ಸಿನಲ್ಲಿ ಅದನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ, "ಡಾಕ್ಟ್ರ್ ಎಂತದೂ ಹೆದ್ರಿಕಿ ಇಲ್ಲ ಅಂದ್ರ್" ಎಂದೆ.

"ಒಳ್ಳೇದಾಯ್ತಲೆ" ಎಂದಳು ಆಕೆ. ಕುಂದಾಪುರದಲ್ಲಿ ಇಳಿದು ಹೋದಳು.