ಕೆಸರಿಗೆ ಇಳಿಯದ ಜೀಪು

ಗೆಳೆಯರೇ, ಇವತ್ತು ತಮ್ಮನ ಜೊತೆ ಶಿಡ್ಲಘಟ್ಟಕ್ಕೆ ಹೋಗಿ ಹಳೆಯ ಫೋರ್ ವೀಲ್ ಡ್ರೈವ್ ಜೀಪೊಂದನ್ನು ನೋಡಿದೆ. ಮಳೆ ಬಂದರೆ ನಮ್ಮ ಸಾದಲಿ ಕಡೆಯ ದಾರಿಯಲ್ಲಿ ಟೆಂಪೊ ಹೂತುಹೋಗುತ್ತದೆ. ಚಿಟ್ಟೆ ಕೊರೆದು ಹೊರಬರುವ ಮೊದಲು ರೇಷ್ಮೆಗೂಡು ಮಾರುಕಟ್ಟೆ ಸೇರದಿದ್ದರೆ ಬೆಳೆಯೇ ಹಾಳು.

"ಎಂಥಾ ಕೆಸರಾದ್ರೂ ನಾಲ್ಕು ಚಕ್ರಾನೂ ಎಳೀತವೆ ಸಾರ್," ಎಂದರು ಮಾಲೀಕರು.

"ಹಂಗಾದ್ರೆ ಕೆರೆ ಅಂಗಳಕ್ಕೆ ಇಳಿಸಿ ನೋಡಣ," ಎಂದೆ.

"ಅಯ್ಯೋ, ಬ್ಯಾಡಿ ಸಾರ್! ಬೆಳಿಗ್ಗೆ ತಾನೆ ತೊಳ್ಸಿದೀನಿ!"

ನಾನು ಬಿಡಲಿಲ್ಲ. ಮುಖ ಗಂಟಿಕ್ಕಿಕೊಂಡೇ ಇಳಿಸಿದರು. ಗಾಡಿ ಸಲೀಸಾಗಿ ಮೇಲೆ ಬಂತು, ವ್ಯಾಪಾರ ಕುದುರಿತು. ಮತ್ತೆ ತೊಳೆಸಿಯೇ ಕೊಟ್ಟರು.

ಊರಿನ ದಾರಿಯಲ್ಲಿ ಕೆಸರಿನ ಹೊಂಡ ಕಂಡಾಗ ಪಕ್ಕಕ್ಕೆ ಸುತ್ತಿಕೊಂಡು ಬಂದೆ.

"ಯಾಕಣ್ಣ, ನಡುವೇನೇ ಹೋಗಬಹುದಿತ್ತಲ್ಲ?" ಎಂದ ತಮ್ಮ.

"ಈಗ ತಾನೆ ತೊಳ್ಸಿದಾರೆ ಕಣೋ," ಎಂದೆ.